ಥೈಲಸೀನ್, ನಾಯಿ ಮತ್ತು ಚೌಕದ ಫ್ಲೆಕ್ಸು

ತನ್ನ ಶ್ರದ್ಧಾಂಜಲಿಯ ಫ್ಲೆಕ್ಸನ್ನು ತಾನೇ ನಿಂತು ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂತು, ಬಿಬವೇವಾಡಿಯ ಚೌಕದಲ್ಲಿ, ಕೈಯಲ್ಲಿ ಮೆಂತ್ಯದ ಸೊಪ್ಪಿನ ಚೀಲ ಹಿಡಿದಿದ್ದಾಗ. ಹೆಸರು ನನ್ನ ಸಹೋದ್ಯೋಗಿ ಶಿಂದೆಯದು, ಮುಖ ನನ್ನದು. "ನಿಮ್ಮ ಫೋಟೊ ಇಷ್ಟು ಚಲೋ ಎಂದೂ ಬಂದಿದ್ದಿಲ್ಲ ನೋಡ್ರಿ" ಎಂದ ಹೆಂಡತಿ ಮರುಗಳಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಿಂದೆ ಹೋಗಿ ಮೂರು ದಿನವಾಗಿತ್ತು.

ಅವನು ಸಾತಾರದವ, ನಾನು ಧಾರವಾಡದವ. ಎಷ್ಟು ತಲೆಮಾರು ಕೆದಕಿದರೂ ನೆಂಟಸ್ತಿಕೆ ಸಿಗದು. ಆದರೆ ಅದೇ ಬೋಳುತಲೆ, ಅದೇ ಮೀಸೆ, ಅದೇ ದಪ್ಪ ಕನ್ನಡಕ. ಆಫೀಸಿನವರೆಲ್ಲ ಜೇಜುರಿಗೆ ಹೋದಾಗ ತೆಗೆಸಿದ ಫೋಟೊದಲ್ಲಿ ಇಬ್ಬರ ಮುಖಕ್ಕೂ ಖಂಡೋಬನ ಭಂಡಾರದ ಅರಿಶಿನ ಮೆತ್ತಿಕೊಂಡಿತ್ತು. ಗೆಳೆಯರು ಅವಸರದಲ್ಲಿ ತಪ್ಪು ತಲೆಯನ್ನು ಕತ್ತರಿಸಿ ಅಚ್ಚಿಗೆ ಕೊಟ್ಟಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಅವನು ಸಾಯುವ ಹಿಂದಿನ ದಿನ ಕೊಲ್ಹಾಪುರಕ್ಕೆ ಹೋಗಬೇಕಾದ ಮಾಲನ್ನು ನಾನು ಸೊಲ್ಲಾಪುರಕ್ಕೆ ಕಳಿಸಿದ್ದೆ. ಗಾಜಿನಾಚೆಯಿಂದ ಬೋಳುತಲೆಯನ್ನಷ್ಟೇ ಕಂಡಿದ್ದ ಸಾಹೇಬರು ಶಿಂದೆಯನ್ನು ಕರೆದು, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಎಲ್ಲರೆದುರು ಝಾಡಿಸಿದರು. ಅವನು ತುಟಿ ಬಿಚ್ಚಲಿಲ್ಲ. ನಾನು ಡ್ರಾಯರಿನಲ್ಲಿ, ಬೇಡದಿದ್ದರೂ, ಕಾಗದಕ್ಕೆ ಚುಚ್ಚುವ ಟಾಚಣಿ ಹುಡುಕುತ್ತ ಕುಳಿತೆ. ಸೋಮವಾರ ಒಪ್ಪಿಕೊಂಡರಾಯಿತು ಎಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಅವನ ಎದೆಬಡಿತ ನಿಂತಿತು.

ಫ್ಲೆಕ್ಸು ಬದಲಿಸಲು ಸರಿಯಾದ ಫೋಟೊ ಕೇಳಿಕೊಂಡು ಅವನ ಮನೆಗೆ ಹೋದೆ. ಅವನ ಹೆಂಡತಿ, ನಾವೆಲ್ಲ ವಹಿನಿ ಎನ್ನುವವರು, ಫೋಟೊ ಕೊಟ್ಟು, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ತಪ್ಪು ನಿಮ್ಮದು ಅಂತ ಅವರಿಗೆ ಗೊತ್ತಿತ್ತು ಭಾವೂಜಿ. ‘ಇರಲಿ ಬಿಡು, ಅವನ ಮಗಳು ಇನ್ನೂ ಸಣ್ಣವಳು’ ಅಂದಿದ್ರು." ಅವರಿಂದ ಬೈಸಿಕೊಳ್ಳಲು ಸಿದ್ಧನಾಗಿ ಹೋಗಿದ್ದೆ. ಅವರು ಬೈಯಲಿಲ್ಲ, ಚಹಾ ಕೊಟ್ಟರು. ಆ ಚಹಾ ಕುಡಿದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದರೆ ನನ್ನ ಆ ಸಣ್ಣ ಮಗಳು ಶಾಲೆಯ ಪ್ರಾಜೆಕ್ಟು ಹರಡಿಕೊಂಡಿದ್ದಳು: ನಾಯಿ ಮತ್ತು ಥೈಲಸೀನ್ ಹೋಲಿಕೆ. ಥೈಲಸೀನ್ ಎಂದರೆ ಟ್ಯಾಸ್ಮೇನಿಯಾದ, ಬೆನ್ನ ಮೇಲೆ ಪಟ್ಟೆಯ ಪ್ರಾಣಿ. ನೋಡಲು ಥೇಟ್ ನಾಯಿ. ನಾಯಿಗೂ ಅದಕ್ಕೂ ಸಂಬಂಧವಿಲ್ಲ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಕಾಂಗರೂ ಕಡೆಯದು. ಈಗ ಒಂದೂ ಉಳಿದಿಲ್ಲ. "ನಾಯಿ ಕುರಿ ತಿಂದ್ರೂ ಮಂದಿ ಇದನ್ನ ಕೊಲ್ತಿದ್ರಂತ ಅಪ್ಪಾ, ಪಾಪ" ಎಂದಳು. ಕೊನೆಯ ಪ್ರಶ್ನೆ ಮಾತ್ರ ಖಾಲಿ ಇತ್ತು: ಒಂದು ಅಳಿದು, ಇನ್ನೊಂದು ಉಳಿದದ್ದು ಹೇಗೆ?

"ಏನಂತ ಬರೀಲಿ?"

ಉತ್ತರ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಚೆನ್ನಾಗಿ ಗೊತ್ತಿತ್ತು. "ನಾಳೆ ನಿಮ್ಮ ಟೀಚರನ್ನ ಕೇಳು" ಎಂದು ಹೇಳಿ, ಡ್ರಾಯರು ತೆಗೆದು ಟಾಚಣಿ ಹುಡುಕತೊಡಗಿದೆ.