ಟೀವಿಯಲ್ಲಿ ನನ್ನೆರಡು ಕೈ

ನನ್ನ ಮೊಮ್ಮಗಳು ಟೀವಿಯಲ್ಲಿ ಬಂದುಬಿಟ್ಟಳು! ನಿನ್ನೆ ಸಂಜೆ ಏಳೂವರೆಗೆ, ಪೂರ್ತಿ ಎರಡು ನಿಮಿಷ. ಮೂರು ತಿಂಗಳ ಕೂಸು ಕ್ಯಾಮೆರಾ ಕಂಡು ಹೆದರಲಿಲ್ಲ, ಅಳಲಿಲ್ಲ, ಬಿಸಿನೀರು ಬಿದ್ದ ಮೇಲೆ ಒಂದು ಆಕಳಿಕೆ ಬೇರೆ ತೆಗೆದಳು. ಬೆಳಿಗ್ಗೆಯಿಂದ ಇದನ್ನು ಹಾಲಿನ ಡೈರಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿಗೆ ಕಾಯುವವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿದೆ, ಆದರೆ ಸಂತೋಷ ಮಾತ್ರ ಮುಗಿದಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀವೇ ಎತ್ತಿಡಿ.

ಸೀರಿಯಲ್ಲು ನೋಡುವುದರಲ್ಲಿ ಮಾತ್ರ ನಾನು ಹೆಚ್ಚು ಓದಿದವಳು. ಮೊದಲು ಮನೆ ತುಂಬ ರೇಷ್ಮೆಹುಳ ಸಾಕುತ್ತಿದ್ದಾಗ ನನಗೆ ಸಂಜೆ ಎಂಬುದೇ ಇರಲಿಲ್ಲ. ಬಿಡದಿ ಕಡೆ ಫ್ಯಾಕ್ಟರಿಗಳು ಬಂದವು, ಮಗ ಶಿವರಾಜ ನೀಲಿ ಷರಟು ತೊಟ್ಟು ಶಿಫ್ಟಿಗೆ ಹೋಗತೊಡಗಿದ, ಹುಳದ ತಟ್ಟೆಗಳು ಅಟ್ಟ ಸೇರಿದವು, ತಟ್ಟೆ ಇದ್ದ ಜಾಗದಲ್ಲಿ ಟೀವಿ ಬಂತು. ಅಂದಿನಿಂದ ನೋಡುತ್ತಿದ್ದೇನೆ. ಒಂದು ಹುಳ ನಾಲ್ಕು ಸಲ ಪೊರೆ ಬಿಟ್ಟು, ಅಂದರೆ ನಾಲ್ಕು ಜ್ವರ ಎದ್ದು, ಹಣ್ಣಾಗಿ, ಗೂಡು ಕಟ್ಟಲು ಒಂದು ತಿಂಗಳು ಸಾಕು. ಸೀರಿಯಲ್ಲಿನಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದು "ಮಗಾ, ನಿನಗೊಂದು ಗುಟ್ಟು..." ಎಂದವನು ಒಂದು ತಿಂಗಳಾದರೂ ಗುಟ್ಟನ್ನೂ ಬಿಡುವುದಿಲ್ಲ, ಉಸಿರನ್ನೂ ಬಿಡುವುದಿಲ್ಲ. ಪಾತ್ರಕ್ಕೆ ಜನ ಆರಿಸುವುದಂತೂ ಕೇಳಲೇಬೇಡಿ. ಅಮ್ಮನಿಗಿಂತ ಮಗನಿಗೇ ವಯಸ್ಸಾಗಿರುತ್ತದೆ. ಒಂದು ದಿನ ಬಾವಿಗೆ ನೀರಿಗೆ ಹೋದ ಸೊಸೆ ಮಾರನೇ ದಿನ ಬೇರೆ ಮುಖ ಹೊತ್ತು ವಾಪಸು ಬರುತ್ತಾಳೆ, ಮನೆಯಲ್ಲಿ ಒಬ್ಬರೂ "ನೀನ್ಯಾರವ್ವ?" ಅನ್ನುವುದಿಲ್ಲ. ಹುಟ್ಟಿದ ಗಳಿಗೆಯಲ್ಲೇ ಮಗು ಕತ್ತು ನಿಲ್ಲಿಸಿ ಸೂಲಗಿತ್ತಿಯನ್ನೇ ದುರುಗುಟ್ಟಿ ನೋಡುತ್ತದೆ.

ಇದನ್ನೆಲ್ಲ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ, ಅಲ್ಲಿಂದಲ್ಲಿಗೇ ಹೇಳಿಬಿಡುತ್ತೇನೆ. ತೊಂದರೆ ಪಕ್ಕದ ಮನೆಯ ಜಯಮ್ಮನಿಗೆ. ಅವಳ ಮನೆಗೆ ಕೇಬಲ್ಲಿಲ್ಲ, ದಿನಾ ನಮ್ಮಲ್ಲಿಗೇ ಬಂದು, ಸೆರಗು ಕಣ್ಣಿಗೊತ್ತಿಕೊಂಡು ನೋಡುತ್ತಾಳೆ. "ಅಕ್ಕಾ, ನಿನ್ ಬಾಯಿಂದಾಗಿ ನಂಗೆ ಒಂದಿನಾನೂ ನೆಟ್ಗೆ ಅಳಕ್ಕಾಗಿಲ್ಲ ಕಣಕ್ಕಾ" ಎಂದು ಎಷ್ಟು ಸಲ ಬೇಡಿಕೊಂಡಿದ್ದಾಳೋ.

ಹೋದ ತಿಂಗಳು ನಮ್ಮೂರಿನ ಹಳೇ ತೊಟ್ಟಿಮನೆಗೇ ಒಂದು ಸೀರಿಯಲ್ಲಿನ ಶೂಟಿಂಗ್ ಬಂತು. ವಂಶೋದ್ಧಾರಕ ಹುಟ್ಟುತ್ತಾನೆ, ಅಜ್ಜಿ ಅವನಿಗೆ ಮೊದಲ ನೀರೆರೆಯುತ್ತಾಳೆ, ಅದಕ್ಕೊಂದು ಕೂಸು ಬೇಕು ಎಂದು ಮನೆಮನೆ ಕೇಳಿಕೊಂಡು ಬಂದರು. "ನಮ್ದು ಹೆಣ್ಣು ಮಗ, ಮೂರ್ ತಿಂಗ್ಳು ತುಂಬೈತೆ" ಅಂದೆ. "ಟವೆಲ್ ಮುಚ್ತೀವಿ ಬಿಡಮ್ಮ, ಯಾರಿಗೆ ಗೊತ್ತಾಗುತ್ತೆ" ಅಂದರು. ಹತ್ತು ವರ್ಷದಿಂದ ನಾನು ಬೈದುಕೊಂಡು ಬಂದಿದ್ದ ಎರಡು ತಪ್ಪಿಗೆ ಒಂದೇ ಉಸಿರಿನಲ್ಲಿ ತಲೆಯಾಡಿಸಿದೆ. ನಮ್ಮ ಪುಟ್ಟಿ ಮಾಡುವಾಗ ಅದು ತಪ್ಪು ಹೇಗಾಗುತ್ತದೆ, ನೀವೇ ಹೇಳಿ.

ಅಜ್ಜಿಯ ಪಾತ್ರದವಳಿಗೆ ಹೆಚ್ಚೆಂದರೆ ಮೂವತ್ತು. ಕೂದಲಿಗೆ ಬಿಳಿ ಪೌಡರು ಹಾಕಿದ್ದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಪುಟ್ಟಿಯನ್ನು ಹೂವಿನ ಕುಂಡದ ಹಾಗೆ ನೆಟ್ಟಗೆ ಹಿಡಿದು ಚೊಂಬೆತ್ತಿದಳು. ನನ್ನ ಜೀವ ಬಾಯಿಗೆ ಬಂತು. "ಏ ತಾಯಿ! ಮಣೆ ಮೇಲೆ ಕುಂತು ಎರಡೂ ಕಾಲು ಚಾಚು. ಕಾಲ್ ಮ್ಯಾಲೆ ಬೋರಲು ಮಲಗ್ಸು!" ಎಂದು ಕೂಗಿಬಿಟ್ಟೆ. ಪಾಪ, ಅವಳು ಚೊಂಬು ಕೆಳಗಿಟ್ಟುಬಿಟ್ಟಳು. "ನನಗೆ ಭಯ ಆಗುತ್ತೆ ಆಂಟಿ" ಎಂದಳು. ಕೊನೆಗೆ ಡೈರೆಕ್ಟರೇ ಬಂದು, "ಅಜ್ಜಿ, ನೀವೇ ಎರೀರಿ. ಮುಖ ಅವರದು, ಕೈಕಾಲು ನಿಮ್ಮದು" ಎಂದ.

ಬಿಡುತ್ತೇನೆಯೇ? ಅವಳ ರೇಷ್ಮೆ ಸೀರೆಯನ್ನೇ ಉಟ್ಟೆ. ಅವಳ ಕೈಯಲ್ಲಿ ಆರು ಬಳೆ, ನನಗೆ ಕೊಟ್ಟದ್ದು ಐದು. ಇನ್ನೊಂದು ತರಿಸಿದೆ. ಸೆರಗು ಯಾವ ಕಡೆ ಸಿಕ್ಕಿಸಿದ್ದಳು, ಚೊಂಬು ಯಾವ ಕೈಯಲ್ಲಿತ್ತು, ಎಲ್ಲ ಕೇಳಿ ಕೇಳಿ ಆ ಹುಡುಗರನ್ನು ಸುಸ್ತು ಮಾಡಿದೆ. ಮನೆಗೆ ಬಂದು ಜಯಮ್ಮನ ಮುಂದೆ ಎದೆಯುಬ್ಬಿಸಿ ಹೇಳಿದೆ: "ನೋಡ್ತಿರು, ನಮ್ ಸೀನಲ್ಲಿ ಒಂದೇ ಒಂದು ತಪ್ಪು ತೋರ್ಸಿದ್ರೆ, ಇನ್ ಮ್ಯಾಲೆ ನಾನು ಟೀವಿ ಮುಂದೆ ಬಾಯೇ ಬಿಚ್ಚಕ್ಕಿಲ್ಲ."

"ಪುಟ್ಟಿ ಆಣೆಗೂ?"

"ಪುಟ್ಟಿ ಆಣೆಗೂ!"

ನಿನ್ನೆ ಎಲ್ಲರೂ ಟೀವಿ ಮುಂದೆ. ಸೊಸೆ ಸುಧಾಳ ಮಡಿಲಲ್ಲಿ ಪುಟ್ಟಿ, ಶಿಫ್ಟು ಮುಗಿಸಿ ಬಂದ ಶಿವರಾಜ, ಗೋಡೆಗೊರಗಿದ ನಮ್ಮ ಯಜಮಾನರು, ಎಲ್ಲರಿಗಿಂತ ಮುಂದೆ ಜಯಮ್ಮ. ಮೊದಲು ಅಜ್ಜಿಯ ಮುಖ ಬಂತು. ಆಮೇಲೆ ಚಾಚಿದ ಕಾಲು, ಕಾಲ ಮೇಲೆ ನಮ್ಮ ಬಂಗಾರ, ನೀರು ಸುರಿಯುವ ನನ್ನ ಕೈ! ಸುಧಾ ಚಪ್ಪಾಳೆ ತಟ್ಟಿದಳು, ನನ್ನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಜಯಮ್ಮ ಚಂಗನೆ ಎದ್ದು ನಿಂತಳು.

"ಹಚ್ಚೆ! ಅಕ್ಕಾ, ಹಚ್ಚೆ!"

ನನ್ನ ಮುಂಗೈ ಮೇಲೆ ಹತ್ತನೇ ವರ್ಷಕ್ಕೇ ನಮ್ಮವ್ವ ಹಾಕಿಸಿದ ಚೇಳಿನ ಹಚ್ಚೆಯಿದೆ. ನೀರು ಬಿದ್ದು ಹಸಿರಾಗಿ, ಬಾಲವೆತ್ತಿ, ಅರ್ಧ ಟೀವಿ ತುಂಬಿಕೊಂಡಿತ್ತು. ಮರುಗಳಿಗೆಗೆ ಅಜ್ಜಿ ಪಾತ್ರದ ಆ ಹೆಣ್ಣುಮಗಳು ಮಗುವನ್ನೆತ್ತಿ ಮುದ್ದಿಟ್ಟಳು. ಬೆಣ್ಣೆಯಂಥ ಮುಂಗೈ, ಚೇಳು ಮಾಯ. ಊರವರ ಬಳೆಯನ್ನೆಲ್ಲ ಎಣಿಸಿದವಳಿಗೆ ಸ್ವಂತ ಕೈ ಕಂಡಿರಲಿಲ್ಲ.

"ಚೇಳು ನೀರಲ್ಲಿ ಕೊಚ್ಕೊಂಡೋಯ್ತು ಕಣಮ್ಮಿ" ಎಂದು ನಮ್ಮ ಯಜಮಾನರು ಗೋಡೆ ಬಿಟ್ಟು ಉರುಳಾಡಿ ನಕ್ಕರು. ಮದುವೆಯಾದ ಮೇಲೆ ಅವರು ಅಷ್ಟು ನಕ್ಕದ್ದು ನಾನು ಕಂಡಿಲ್ಲ.

ಜಯಮ್ಮನನ್ನು ಊಟಕ್ಕೆ ಇಲ್ಲೇ ನಿಲ್ಲಿಸಿಕೊಂಡೆವು. ಹಬ್ಬವಲ್ಲವೇ? ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೊಂದು ಪಾಯಸ. ಎಲ್ಲರೂ ಸಾಲಾಗಿ ಕೂತೆವು, ಟೀವಿಯಲ್ಲಿ ಮುಂದಿನ ಸೀರಿಯಲ್ಲು ಶುರುವಾಯಿತು. ಒಬ್ಬ ರೈತ ಇಸ್ತ್ರಿ ಮಾಡಿದ ಬಿಳೀ ಪಂಚೆಯುಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿ, ಕೆಸರುಗದ್ದೆ ಉಳುತ್ತಿದ್ದ. ಎತ್ತುಗಳೇ ನಾಚಿಕೊಂಡಿದ್ದವು. ಐದು ತಟ್ಟೆಯಲ್ಲಿ ನಾಲ್ಕು ತಟ್ಟೆಯವರು ಉಣ್ಣುವುದು ಬಿಟ್ಟು ನನ್ನ ಬಾಯನ್ನೇ ನೋಡಿದರು. ಪುಟ್ಟಿಯೂ ನೋಡುತ್ತಿದ್ದಳು, ಆಣೆ ಅವಳದ್ದೇ ತಾನೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಮ್ಮ ಕಡೆ ಮಕ್ಕಳಿಗೇ ಗೊತ್ತು. ದೊಡ್ಡದೊಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗಂಟಲವರೆಗೆ ಬಂದಿದ್ದ ಮಾತಿನ ಸಮೇತ ನುಂಗಿದೆ. ಜಯಮ್ಮ ಬಹಳ ದಿನಕ್ಕೆ ನೆಮ್ಮದಿಯಾಗಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಾನು ಸುಧಾಳ ಕಡೆ ತಟ್ಟೆ ಚಾಚಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಸೀರಿಯಲ್ಲು ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.