ನನ್ನ ಹಳದಿ ವಿಮಾನ ಇಳಿದ ಬಗೆ

ನಮ್ಮ ಆಟದ ವಿಮಾನದ ಕ್ಲಬ್ಬಿಗೆ ಹೊಸಬರು ಬಂದಾಗಲೆಲ್ಲ ನಗುವಂಥದ್ದು ಒಂದಾದರೂ ಆಗದೆ ಇರುವುದಿಲ್ಲ. ನಾನು ಹೊಸಬಳಾಗಿದ್ದಾಗ ಸ್ವಲ್ಪ ಹೆಚ್ಚೇ ಆಯಿತು.

೧. ಮಗ ಎಲ್ಲಿ?

ಬದಿಯಡ್ಕದಲ್ಲಿ ನನ್ನದು ಹೊಲಿಗೆ ಅಂಗಡಿ. ಶಾಲೆ ಮೂರನೇ ಕ್ಲಾಸಿಗೇ ನಿಂತಿತು. ಅಳತೆ ಕತ್ತರಿಸಲು ತಂದ ಹಳೇ ಪತ್ರಿಕೆ ಓದಿಯೇ ಅಕ್ಷರ ಗಟ್ಟಿ ಮಾಡಿಕೊಂಡವಳು. ರಿಮೋಟಿನಲ್ಲಿ ಹಾರಿಸುವ ವಿಮಾನದ ಸಂಗತಿಯನ್ನೂ ಹಾಗೆಯೇ ಓದಿದ್ದು. ನೆಕ್ರಾಜೆ ಹತ್ತಿರದ ಪದವಿನಲ್ಲಿ, ಬರೀ ಮುರಕಲ್ಲಿನ ಬಯಲಿನಲ್ಲಿ, ಭಾನುವಾರ ಅಂಥದ್ದನ್ನು ಹಾರಿಸುತ್ತಾರೆಂದು ಕೇಳಿ ಹೋದೆ.

ಅಧ್ಯಕ್ಷರು ಕುರ್ಚಿ ಕೊಟ್ಟು, ಚಹಾ ಕೊಟ್ಟು ಕೇಳಿದರು, "ಮಗನನ್ನು ಸೇರಿಸಲಿಕ್ಕಾ ಅಕ್ಕ? ಎಲ್ಲಿ ಅವನು?"

"ದುಬಾಯಿಯಲ್ಲಿ."

"ಮತ್ತೆ ಇಲ್ಲಿ ಹಾರಿಸುವುದು ಯಾರು?"

"ಅವನು ಹಾರಿ ಆಯಿತು. ಇನ್ನು ನಾನು."

ಅವರು ಇನ್ನೊಂದು ಚಹಾ ತರಿಸಿದರು. ನನಗಲ್ಲ, ತಮಗೆ.

೨. ಸಹಾಯ ಮಾಡುವವರು

ಹೊಸಬರಿಗೆ ಸಹಾಯ ಮಾಡುವುದರಲ್ಲಿ ನಮ್ಮವರು ಎತ್ತಿದ ಕೈ. ರಿಮೋಟು ನನ್ನ ಕೈಗೆ ಬಂದದ್ದೇ, ಒಬ್ಬರು ತುಳುವಿನಲ್ಲಿ ಬಲಕ್ಕೆ ಎಂದರು, ಇನ್ನೊಬ್ಬರು ಬ್ಯಾರಿಯಲ್ಲಿ ಎಡಕ್ಕೆ, ಮತ್ತೊಬ್ಬರು ಮಲಯಾಳದಲ್ಲಿ ಮೇಲಕ್ಕೆ. ನಾನು ಯಾರ ಮಾತನ್ನೂ ಕೇಳಲಿಲ್ಲ. ವಿಮಾನವೂ ನನ್ನ ಮಾತು ಕೇಳಲಿಲ್ಲ. ಬಯಲಿನ ಅಂಚಿನ ಗೇರುಮರದಲ್ಲಿ ಕೂತಿತು.

ಎಲ್ಲರೂ ಒಟ್ಟಾಗಿ ಮರ ಹತ್ತಿದರು. ಬಹಳ ಹೊತ್ತಿನ ಮೇಲೆ ಗೇರುಹಣ್ಣು ತಿನ್ನುತ್ತಾ ಇಳಿದರು. ವಿಮಾನ ತರಲು ಒಬ್ಬರು ಪುನಃ ಹತ್ತಬೇಕಾಯಿತು.

೩. ವಯರು

ಗಲ್ಫಿನಿಂದ ಬಂದು ಫ್ಯಾನ್ ರಿಪೇರಿ ಅಂಗಡಿ ಇಟ್ಟ ಸಾಹೇಬರೊಬ್ಬರು ಕಲಿಸುವವರು. ಅವರನ್ನು ಎಲ್ಲರೂ ಮಾಸ್ಟ್ರು ಎನ್ನುತ್ತೇವೆ. ಗೇರುಮರದ ದಿನ ಅವರು ಬಂದಿರಲಿಲ್ಲ. ಹೊಸಬರ ರಿಮೋಟಿಗೂ ತಮ್ಮ ರಿಮೋಟಿಗೂ ವಯರು ಸಿಕ್ಕಿಸಿ ನಿಲ್ಲುತ್ತಾರೆ. ನಾವು ತಪ್ಪಿದರೆ ವಿಮಾನ ಅವರ ಕೈಗೆ.

"ಮಾಸ್ಟ್ರೇ, ನಾನು ಹೊಲಿಯುವಾಗ ಇನ್ನೊಂದು ಪೆಡಲು ಹಿಡಿದು ಯಾರೂ ಪಕ್ಕದಲ್ಲಿ ಕೂತಿರಲಿಲ್ಲ," ಎಂದೆ.

"ಬ್ಲೌಸು ಮೇಲಿಂದ ಬೀಳುವುದಿಲ್ಲ ಅಕ್ಕ."

ನಾನು ಬಿಡಲಿಲ್ಲ. ಕೊನೆಗೆ ಅವರೇ ಸೋತು, "ಬರುವ ಭಾನುವಾರ ಒಬ್ಬರೇ ಇಳಿಸಿ. ಮುರಿದರೆ ಮಾತ್ರ ವರ್ಷವಿಡೀ ವಯರು," ಎಂದರು.

೪. ಒಬ್ಬಳೇ ಇಳಿಸಿದ್ದು

ಬಿಡಿಭಾಗ ಸುಲಭವಾಗಿ ಸಿಗಲೆಂದು ನಮ್ಮ ಕ್ಲಬ್ಬಿನಲ್ಲಿ ಹೊಸಬರಿಗೆಲ್ಲ ಒಂದೇ ನಮೂನೆಯ ಹಳದಿ ವಿಮಾನ ತರಿಸಿಕೊಡುತ್ತಾರೆ. ಆ ಭಾನುವಾರ ನನ್ನದೂ ಮೇಲಿತ್ತು, ನನ್ನ ಹಾಗೆಯೇ ಹೊಸಬರಾದ ಒಬ್ಬ ಬ್ಯಾಂಕ್ ಗುಮಾಸ್ತರದ್ದೂ ಮೇಲಿತ್ತು.

ವಿಮಾನದಿಂದ ಕಣ್ಣು ಕೀಳದೆ ವೇಗ ಇಳಿಸಿದೆ, ತಿರುಗಿಸಿದೆ. ಹಳದಿ ವಿಮಾನ ಹೂವಿನ ಹಾಗೆ ನೆಲ ಮುಟ್ಟಿತು. "ಕಂಡಿರಾ ಮಾಸ್ಟ್ರೇ?" ಎಂದೆ. ಅಷ್ಟರಲ್ಲಿ ಗುಮಾಸ್ತರು ಹೋಗಿ ಅದನ್ನು ಎತ್ತಿಕೊಂಡರು.

"ನನ್ನದನ್ನು ಎಂತಕ್ಕೆ ಎತ್ತುವುದು ನೀವು?"

"ಇದು ನನ್ನದು ಅಕ್ಕ. ಇಳಿಸಿದ್ದೂ ನಾನೇ," ಎಂದರು ಪಾಪ, ತಪ್ಪು ಮಾಡಿದವರ ಹಾಗೆ.

ಎಲ್ಲರೂ ಆಕಾಶ ನೋಡಿದೆವು. ಏನೂ ಇಲ್ಲ. ತಿರುಗಿದರೆ, ನಮ್ಮ ಬೆನ್ನ ಹಿಂದೆ, ಬಯಲಿನ ಅಂಚಿನ ಹುಲ್ಲಿನ ಮೇಲೆ ನನ್ನ ವಿಮಾನ ಒಂದು ಗೀರೂ ಇಲ್ಲದೆ ಕೂತಿತ್ತು.

"ರಿಮೋಟು ಯಾರ ಕೈಯಲ್ಲಿತ್ತು?" ನಾನು ಕೇಳಿದೆ.

"ನಿಮ್ಮ ಕೈಯಲ್ಲಿ," ಎಂದರು ಮಾಸ್ಟ್ರು.

"ಮುರಿದದ್ದು ಉಂಟಾ?"

"ಇಲ್ಲ."

"ಹಾಗಾದರೆ ವಯರು ಬೇಡ."

ಮಾಸ್ಟ್ರು ವಯರು ಸುತ್ತಿ ಚೀಲಕ್ಕೆ ಹಾಕಿದರು. "ವಯರು ಬೇಡ ಅಕ್ಕ. ಇನ್ನು ನಿಮಗೆ ಕಣ್ಣಿಗೊಂದು ಬಟ್ಟೆ ಕಟ್ಟಿದರೆ ಸಾಕು."