ಅವ್ವನ ಬದಲಿಗೆ ಬಂದ ಫೋನ್

ಮನೆಗೆ ಫೋನ್ ಬಂದರೆ ದೂರದವರು ಹತ್ತಿರವಾಗುತ್ತಾರೆ ಅಂತ ಹೇಳಿದವರು ಯಾರೋ, ಅವರ ತವರು ಪಕ್ಕದ ಓಣಿಯಲ್ಲೇ ಇದ್ದಿರಬೇಕು. ನನ್ನ ತವರು ಕಮಲಾಪುರ, ಗಂಡನ ಮನೆ ಕಲಬುರಗಿಯ ಖೂಬಾ ಪ್ಲಾಟ್. ನಡುವೆ ಒಂದು ತಾಸಿನ ಬಸ್ಸಿನ ದಾರಿ. ಫೋನ್ ಬಂದ ಮೇಲೆ ಆ ದಾರಿ ಉದ್ದವಾಗುತ್ತಲೇ ಹೋಯಿತು, ನಮ್ಮ ಮನೆಯಲ್ಲಿ ತಮಾಷೆಗಳೂ ನಡೆಯುತ್ತಲೇ ಬಂದವು. ಉಳಿದವರೆಲ್ಲ ಆಗಲೇ ನಕ್ಕರು. ನನಗೆ ನಗು ಬರಲು ಸ್ವಲ್ಪ ತಡವಾಯಿತು.

ಹೇಳದೆ ಬರುವುದು

ಫೋನಿಲ್ಲದ ಕಾಲದಲ್ಲಿ ನಮ್ಮವ್ವ ಹೇಳದೆ ಕೇಳದೆ ಬರುತ್ತಿದ್ದಳು. ಬಾಗಿಲಲ್ಲಿ ಮೊದಲು ಬುಟ್ಟಿ ಕಾಣುತ್ತಿತ್ತು. ಅದರಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಬುಟ್ಟಿಯ ಹಿಂದೆ ಅವ್ವ. ಬಂದವಳು ನನ್ನ ಕೂಸಿಗೆ ಎಣ್ಣೆ ಹಚ್ಚಿ ಎರೆಯುವಳು, ನನ್ನ ತಲೆ ಬಾಚುವಳು, ಓಣಿಯ ಸುದ್ದಿಯನ್ನೆಲ್ಲ ನನಗಿಂತ ಮೊದಲು ತಿಳಿದುಕೊಳ್ಳುವಳು. ಯಾವಾಗ ಹೋಗುತ್ತೀ ಅಂತ ಕೇಳುವ ರೂಢಿಯೇ ಇರಲಿಲ್ಲ.

ಕೇಳಿದವರು ನನ್ನ ಗಂಡ. ನೆಹರು ಗಂಜಿನ ಬೇಳೆ ಅಂಗಡಿಯಲ್ಲಿ ಗುಮಾಸ್ತರು, ಎಲ್ಲಕ್ಕೂ ಒಂದು ಹೊತ್ತು ಗೊತ್ತಾಗಬೇಕು ಅವರಿಗೆ. ನಮ್ಮಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವುದಿಲ್ಲ. ಹಾಗಾಗಿ ನನಗೆ ಹೇಳಿದರು, "ನಿಮ್ಮವ್ವ ಯಾವ ಬಸ್ಸಿಗಿ ಹೋಗ್ತಾರ ಕೇಳು. ನಾ ಬಿಟ್ಟು ಬರ್ತೀನಿ."

ಬಾಗಿಲ ಹಿಂದೆ ನಿಂತಿದ್ದ ಅವ್ವ ಅವರಿಗೆ ಕೇಳುವ ಹಾಗೆ ನನಗೆ ಹೇಳಿದಳು, "ನಾ ಇವತ್ತೇ ಹೋಗ್ಬೇಕಂತ ಮಾಡಿದ್ದೆ. ಈಗ ಹೋದ್ರ ಅಳಿಯ ಕಳಿಸ್ದಂಗ ಆಗ್ತದ. ಮಂದಿ ಅವ್ರಿಗಿ ಏನಂದಾರು?"

ಅಳಿಯನ ಮಾನ ಉಳಿಸಲು ಅವ್ವ ಇನ್ನೊಂದು ವಾರ ಉಳಿದಳು.

ಮಾತಾಡದವರ ಫೋನ್

ಆಮೇಲೆ ಫೋನ್ ಬಂತು. ಅವ್ವ ಕಮಲಾಪುರದ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಿಲ್ಲುತ್ತಿದ್ದಳಂತೆ. ಇಲ್ಲಿ ನಾನು ಎತ್ತಿದರೆ ಸರಿ. ನನ್ನ ಗಂಡ ಎತ್ತಿ "ಹಲೋ" ಅಂದರೆ ಮುಗಿಯಿತು. ಆ ಗಾಜಿನ ಡಬ್ಬಿಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ಸುಮ್ಮನಾಗಿಬಿಡುವಳು. ಅಳಿಯನ ಜೊತೆ ಮಾತಾಡುವಂತಿಲ್ಲ, ಮಾತಾಡದೆ ಫೋನ್ ಇಟ್ಟರೆ ಅವಮರ್ಯಾದೆ.

ಮೊದಮೊದಲು ಇವರು "ಯಾರ್ರೀ ಅದು? ಮಾತಾಡ್ರೀ!" ಅಂತ ಕೂಗಾಡುತ್ತಿದ್ದರು. ಆಮೇಲೆ ರೂಢಿಯಾಯಿತು.

"ಏ, ಬಾ ಇಲ್ಲಿ. ನಿಮ್ಮವ್ವನ ಫೋನ್."

"ನಿಮಗ ಹೆಂಗ ಗೊತ್ತಾಯ್ತು?"

"ಯಾರೂ ಮಾತಾಡವಲ್ರು."

ಇಡುವವರು ಯಾರು?

ಮನೆಗೆ ಬಂದವರನ್ನು ಬಾಗಿಲತನಕ ಹೋಗಿ ಕಳಿಸುವವರು ನಾವು. ನಿಜವಾದ ಮಾತು ಶುರುವಾಗುವುದೇ ಆ ಬಾಗಿಲಲ್ಲಿ. ಫೋನಿಗೆ ಬಾಗಿಲಿಲ್ಲ. "ನೀ ಇಡವ್ವ" ಅಂತ ನಾನು, "ನೀ ಮೊದ್ಲ ಇಡು, ನಾ ಹೆಂಗ ಇಡ್ಲಿ?" ಅಂತ ಅವ್ವ. ಒಂದು ದಿನ ನಡುವೆ ಗಂಡಸಿನ ದನಿ ಬಂತು, "ಅಕ್ಕಾರೆ, ನೀವಿಬ್ರೂ ಇಡಬ್ಯಾಡ್ರಿ. ನಾನೇ ಇಡ್ತೀನಿ." ಬೂತಿನವನು ಇಟ್ಟೇಬಿಟ್ಟ.

ಹೀಗೆ ನಗುತ್ತ ನಗುತ್ತಲೇ ಅವ್ವ ಬರುವುದು ಕಡಿಮೆಯಾಯಿತು. "ಬಾರವ್ವ" ಅಂದರೆ, "ನಿನ್ನೆನೇ ಮಾತಾಡೀವಲ್ಲ, ಮತ್ತ್ಯಾಕ ಬರೋದು?" ಅನ್ನುವಳು. ತವರಿನವರು ಬಂದು ಕರೆಯದೆ ನಾನು ಹೊರಡುವ ಪದ್ಧತಿಯಿಲ್ಲ. ಆ ವರ್ಷ ಪಂಚಮಿಗೆ ಅವ್ವ ಫೋನಿನಲ್ಲೇ ಕರೆದಳು. ನಾನು ಖುಷಿಯಿಂದ ಟ್ರಂಕು ತೆಗೆದೆ. ನನ್ನ ಅತ್ತೆ ಕುಳಿತಲ್ಲಿಂದಲೇ ಅಂದರು:

"ಫೋನಿನ್ಯಾಗ ಕರದಾರಲ್ಲ? ಫೋನಿನ್ಯಾಗೇ ಹೋಗಿ ಬಾ."

ಅಜ್ಜಿಯ ಊಟ

ನನ್ನ ಕಿರಿ ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು. "ಅಪ್ಪ ಎಲ್ಲಿ?" ಅಂದರೆ ಅಪ್ಪನನ್ನು ತೋರಿಸುವಳು. "ಕಮಲಾಪುರದ ಅಜ್ಜಿ ಎಲ್ಲಿ?" ಅಂದರೆ ಫೋನ್ ತೋರಿಸುವಳು. ಮನೆಯವರೆಲ್ಲ ನಕ್ಕು ನಕ್ಕು ಮತ್ತೆ ಮತ್ತೆ ಕೇಳಿದರು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ.

ಒಂದು ದಿನ ಫೋನ್ ಸತ್ತುಹೋಯಿತು. ನಮ್ಮಿಂದ ಸುದ್ದಿಯಿಲ್ಲದೆ ಗಾಬರಿಯಾಗಿ ಅವ್ವ ಬುಟ್ಟಿ ಹೊತ್ತುಕೊಂಡು ಬಂದೇಬಿಟ್ಟಳು! ಅವಳ ಹಿಂದೆಯೇ ಲೈನ್‌ಮನ್ನೂ ಬಂದ. ರಿಸೀವರಿನ ಬಾಯಿ ಬಿಚ್ಚಿದರೆ ಒಳಗೆಲ್ಲ ಹಾಲು ಅನ್ನ.

"ಏನ್ರೀ ಅಕ್ಕಾರೆ ಇದು?"

"ಏನಿಲ್ಲ. ನನ್ನ ಮಗಳು ಅಜ್ಜಿಗಿ ಉಣಿಸ್ಯಾಳ," ಅಂದೆ. "ಅವಸರ ಏನಿಲ್ರೀ. ಒಂದು ತಿಂಗಳು ಬಿಟ್ಟು ರಿಪೇರಿ ಮಾಡಿದ್ರೂ ನಡೀತದ."

ಅವನ ನೌಕರಿಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ನನ್ನ ತಲೆ ಸರಿಯಿಲ್ಲವೆಂದು ತಿಳಿದು, ಹೆದರಿ, ಆಗಲೇ ರಿಪೇರಿ ಮಾಡಿ ಹೋದ.

ಎಮ್ಮೆಗೆ ಒಂದು ಫೋನ್

ರಿಪೇರಿಯಾದ ಫೋನಿಗೆ ಮೊದಲು ಬಂದದ್ದು ನನ್ನ ತಮ್ಮನ ಕರೆ. ಅವನು ಆಗ ಹೊಸದಾಗಿ ಮೊಬೈಲ್ ತೆಗೆದುಕೊಂಡಿದ್ದ.

"ಅಕ್ಕ, ಅವ್ವಗ ಲಗೂನ ಕಳಿಸು. ಎಮ್ಮಿ ಯಾರಿಗೂ ಹಾಲು ಕೊಡವಲ್ದು. ಅವ್ವನೇ ಬೇಕಂತ ನಿಂತದ."

ಅವ್ವ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. "ಕಳಿಸಂಗಿಲ್ಲ," ಅಂದೆ. "ನಿನ್ನ ಮೊಬೈಲ್ ಎಮ್ಮಿ ಕಿವಿಗಿ ಹಿಡಿ. ಅವ್ವ ಇಲ್ಲಿಂದೇ ಮಾತಾಡ್ತಾಳ."

"ಹುಚ್ಚಿದ್ದೀ ಏನು?"

"ನನಗ ಫೋನಿನ್ಯಾಗ ಸಮಾಧಾನ ಮಾಡ್ತೀರಲ್ಲ, ಎಮ್ಮಿಗಿ ಯಾಕ ಆಗಂಗಿಲ್ಲ? ಹಿಡಿ."

ಅಲ್ಲಿ ತಮ್ಮನ ಹೆಂಡತಿ ಹಾಲು ಕರೆಯಲು ಚರಿಗೆ ಹಿಡಿದು ಕೂತಳು. ಇಲ್ಲಿ ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾಕ ನನ್ನ ಬಂಗಾರೀ? ಮೇವು ತಿಂದೇನವ್ವ? ಸಿಟ್ಟಾಗಬ್ಯಾಡ. ನಿಂದ್ರು ನನ್ನವ್ವ, ನಿಂದ್ರು ನನ್ನ ರಾಣಿ..." ನನ್ನ ಜೊತೆ ಇಷ್ಟು ಸವಿಯಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ. ಅಳಿಯ ಬಾಗಿಲಲ್ಲಿ ಬಂದು ನಿಂತರೂ ಸೆರಗಿನ ನೆನಪಾಗಲಿಲ್ಲ ಅವಳಿಗೆ.

ಆ ಕಡೆ ದಡ್ ಎಂದು ಸಪ್ಪಳವಾಯಿತು. ಫೋನ್ ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ತಮ್ಮ ಬೂತಿನಿಂದ ಸುದ್ದಿ ಹೇಳಿದ. ಎಮ್ಮೆ ಮೊದಲು ಕಿವಿ ನಿಗುರಿಸಿ ಕೇಳಿತಂತೆ. ಆಮೇಲೆ ಆ ಕಡೆ ಈ ಕಡೆ ತಿರುಗಿ ಅವ್ವನನ್ನು ಹುಡುಕಿತಂತೆ. ಎಲ್ಲೂ ಕಾಣದಿದ್ದಾಗ ಒಂದೇ ಒದೆ. ಚರಿಗೆ ಗೋಡೆಗೆ, ಮೊಬೈಲ್ ಸೆಗಣಿಗೆ.

ಅಷ್ಟರಲ್ಲಿ ಅವ್ವ ಬುಟ್ಟಿಗೆ ಸೀರೆ ತುಂಬುತ್ತಿದ್ದಳು. "ಪಾಪ, ಬರೇ ದನಿ ಕೇಳಿದ್ರ ಅದಕ್ಕ ಸಾಕಾಗಂಗಿಲ್ಲ. ನಾ ಎದುರಿಗಿ ನಿಂದ್ರಬೇಕು."

"ಮತ್ತ ನನಗ?" ಅಂದೆ.

"ನೀ ಶ್ಯಾಣ್ಯಾಕಿ ಇದ್ದಿ, ನನ್ನವ್ವ. ದಿನಾ ಫೋನ್ ಮಾಡ್ತೀನಿ ತಗೋ."

ಎಮ್ಮೆ ಒಂದು ಸಲ ಒದ್ದು ಅವ್ವನನ್ನು ಕರೆಸಿಕೊಂಡಿತು. ನಾನು ಹತ್ತನೇ ತನಕ ಓದಿದವಳು. ಇಷ್ಟು ವರ್ಷ "ಹಲೋ, ಹಲೋ" ಅನ್ನುತ್ತ ಕೂತೆ.